ಮಲಗಿಸಿ ನೋಡಿದ ಕಾಲು

ಒಂದೇ ನೋಟಕ್ಕೆ ಕಾಲಿನ ಚೆಲುವನ್ನು ಅಳೆಯಬಲ್ಲ, ಕಾರ್ಖಾನೆಯ ವೈದ್ಯಕೀಯ ಮಂಜೂರಾತಿ ಅಧಿಕಾರಿಗಳಾದ ಮಾನ್ಯರೇ,

ತಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಒಲೆಯ ಮುಂದೆ ನಿಂತು ಚಪಾತಿ ಬೇಯಿಸುತ್ತಿರುವ ನನ್ನ ತಾಯಿ ವಿಶಾಲಾಕ್ಷಿಯವರ ಕಾಲಿನ ಉಬ್ಬಿದ ರಕ್ತನಾಳಗಳ ಚಿಕಿತ್ಸೆಯ ಖರ್ಚಿನ ಅರ್ಜಿಯನ್ನು ತಾವು ‘ಸೌಂದರ್ಯವರ್ಧನೆಗಾಗಿ’ ಎಂದು ಬರೆದು ತಿರಸ್ಕರಿಸಿದ್ದೀರಿ. ಐವತ್ತಮೂರರ ವಯಸ್ಸಿನಲ್ಲಿ, ಹಿಮ್ಮಡಿ ಮುಚ್ಚುವಂತೆ ಸೀರೆ ಉಡುವ ಹೆಂಗಸು ತನ್ನ ಮೊಣಕಾಲಿನ ಹಿಂಭಾಗವನ್ನು ಯಾರಿಗೆ ತೋರಿಸಲು ಬಯಸುತ್ತಿರಬಹುದು ಎಂದು ನಮ್ಮ ಕುಟುಂಬ ಗಂಭೀರವಾಗಿ ಚರ್ಚಿಸಿತು. ಉತ್ತರ ಸಿಗಲಿಲ್ಲ. ಅಪ್ಪ ಮಾತ್ರ ಎರಡು ದಿನ ಕನ್ನಡಿಯ ಮುಂದೆ ಅನುಮಾನದಿಂದ ನಿಂತರು. ಅವ್ವನ ಕೈಗೆ ತಲುಪುವ ಮೊದಲೇ ತಮ್ಮ ಆದೇಶ ಕ್ಯಾಂಟೀನಿಗೆಲ್ಲ ತಿಳಿದಿತ್ತು. ಪಾತ್ರೆ ತೊಳೆಯುವ ಗದಿಗೆಮ್ಮ, “ಯಾವ ಸಿನಿಮಾದಾಗ ಪಾರ್ಟ್ ಸಿಕ್ಕೈತ್ರಿ ಅಕ್ಕಾರ? ನಮಗೂ ಒಂದ್ ಪಾಸ್ ಕೊಡಸ್ರಿ” ಎಂದರಂತೆ.

ಬೇಗಂಪೇಟೆಯ ರಕ್ತನಾಳ ತಜ್ಞರು ಸ್ಕ್ಯಾನ್ ಮಾಡಿಸಿ ಹೇಳಿದ್ದೇ ಬೇರೆ. ಚರ್ಮದ ಮೇಲೆ ಜೇಡರ ಬಲೆಯಂತೆ ಕಾಣುವ ಕೆಂಪು-ನೀಲಿ ಎಳೆಗಳಿಂದ ಅವ್ವನಿಗೆ ತೊಂದರೆಯಿಲ್ಲ. ಬೇಡವೆನಿಸಿದವರು ಚುಚ್ಚುಮದ್ದಿನಿಂದ ಅಳಿಸಿಕೊಳ್ಳುತ್ತಾರೆ, ಅವ್ವ ಅದನ್ನು ಕೇಳಿಯೇ ಇಲ್ಲ. ಅವ್ವನ ಕಷ್ಟ ಒಳಗಿನ ದೊಡ್ಡ ನಾಳದ್ದು. ರಕ್ತವನ್ನು ಮೇಲಕ್ಕೆ ಬಿಟ್ಟು ಮುಚ್ಚಿಕೊಳ್ಳಬೇಕಾದ ಕವಾಟಗಳು ಸಡಿಲಾಗಿವೆ. ನಾಳವೋ, ನಮ್ಮ ಹೈದರಾಬಾದ್ ಮೆಟ್ರೊದ ನೀಲಿ ಮಾರ್ಗದಂತೆ ಸೊಟ್ಟಸೊಟ್ಟಗೆ ಸಾಗಿ, ಮೊಣಕಾಲಿನ ಬಳಿ ಸಿಕಂದರಾಬಾದ್ ನಿಲ್ದಾಣದಷ್ಟು ದಟ್ಟಣೆ ಮಾಡಿಕೊಂಡಿದೆ. ಈ ಊರಿನ ಮೇ ತಿಂಗಳಲ್ಲಿ, ಉರಿಯುವ ಒಲೆಯ ಮುಂದೆ, ಬಿಗಿ ಕಾಲುಚೀಲ ತೊಟ್ಟು ನೋಡಿದ್ದಾಯಿತು. ಇನ್ನು ಲೇಸರ್‌ನಿಂದ ಆ ನಾಳವನ್ನು ಮುಚ್ಚಬೇಕು ಎನ್ನುತ್ತಾರೆ ತಜ್ಞರು. ಪಾದದ ಗಂಟಿನ ಬಳಿ ಚರ್ಮ ಕಪ್ಪಾಗಿ, ನೀರು ಒಸರತೊಡಗಿದೆ. ತಡವಾದರೆ ಹುಣ್ಣಾಗುತ್ತದೆ, ಅದು ಸುಲಭಕ್ಕೆ ಮಾಯುವುದಿಲ್ಲ.

ನಮ್ಮ ಕಡೆಯ ಅಪರಾಧವನ್ನೂ ಒಪ್ಪಿಕೊಳ್ಳುತ್ತೇನೆ. ಬೀಗರು ಬರುವ ಮುನ್ನ ಅಂಗಳ ಗುಡಿಸುವ ಕುಲ ನಮ್ಮದು. ತಮ್ಮ ತಪಾಸಣೆಯ ಹಿಂದಿನ ದಿನ ಅವ್ವ ರಜೆ ಹಾಕಿ, ಎರಡು ದಿಂಬುಗಳ ಮೇಲೆ ಕಾಲಿಟ್ಟು ದಿನವಿಡೀ ಮಲಗಿದರು. ಬಾವು ಇಳಿಯಿತು. ಅದನ್ನು ತೋರಿಸಲೆಂದೇ ಅಲ್ಲವೇ ಹೋಗುವುದು ಎಂದು ಕೇಳಿದೆ. “ಸಾಹೇಬ್ರ ಮುಂದ ಉಬ್ಬಿದ ಕಾಲು ತಗೊಂಡು ಹೋಗಿ ನಿಂದ್ರೂದು ಮರ್ಯಾದಿ ಅಲ್ಲಪಾ” ಎಂದರು.

ಆದರೆ ತಾವು ಅವರನ್ನು ನಿಲ್ಲಿಸಲೂ ಇಲ್ಲ. ಬೆಳಿಗ್ಗೆ ಹತ್ತಕ್ಕೆ ಮಂಚದ ಮೇಲೆ ಮಲಗಿಸಿ, ಅರ್ಧ ನಿಮಿಷ ದರ್ಶನ ಪಡೆದಿರಿ. ಮಲಗಿದರೆ ನಿಂತ ರಕ್ತ ಹರಿದು ಹೋಗಿ ನಾಳ ಚಪ್ಪಟೆಯಾಗುತ್ತದೆಂದು ಈಗ ಅಪ್ಪನಿಗೂ ಗೊತ್ತು. ಸೋರುವ ಮಾಳಿಗೆಯನ್ನು ಬೇಸಿಗೆಯಲ್ಲಿ ನೋಡಿ ‘ಭದ್ರವಾಗಿದೆ’ ಎಂದು ಬರೆಯುವುದುಂಟೇ? ಸ್ಕ್ಯಾನ್ ವರದಿಯ ಲಕೋಟೆಗೆ ನಾನು ಹಚ್ಚಿದ ಟೇಪು ಹಚ್ಚಿದಂತೆಯೇ ಮರಳಿ ಬಂದಿದೆ. ಅದು ತಮ್ಮ ಕೈಗೂ ಬಿಚ್ಚಲಾಗದಷ್ಟು ಗಟ್ಟಿಯಿದ್ದರೆ ತಿಳಿಸಿ, ತಯಾರಿಸಿದವರಿಗೆ ಪ್ರಶಂಸಾಪತ್ರ ಬರೆಯುತ್ತೇನೆ.

ನನ್ನ ಬೇಡಿಕೆ ಇಷ್ಟೇ. ಬರುವ ಸೋಮವಾರ ಸಂಜೆ ನಾಲ್ಕಕ್ಕೆ, ಪಾಳಿ ಮುಗಿಯುವ ಹೊತ್ತಿಗೆ, ಕ್ಯಾಂಟೀನಿನ ಅಡುಗೆಮನೆಗೆ ಬನ್ನಿ. ಅವ್ವನನ್ನು ನಿಲ್ಲಿಸಿ ನೋಡಿ. ಈ ಪತ್ರದೊಂದಿಗೆ ಮತ್ತೆ ಕಳಿಸಿರುವ ಲಕೋಟೆ ಬಿಚ್ಚಿ ಓದಿ. ಆಮೇಲೆ ಮನಸ್ಸಿಗೆ ಬಂದದ್ದನ್ನು ಬರೆಯಿರಿ. ಈ ಪತ್ರದ ವಿಷಯ ಹೇಳಿದಾಗ ಅವ್ವ ನನ್ನನ್ನು ಚೆನ್ನಾಗಿ ಬೈದರು. ಕೊನೆಗೆ, “ಬಂದ್ರ ಸಾಹೇಬ್ರಿಗೆ ಒಂದು ಕುರ್ಚಿ ಹಾಕಸು. ಪಾಪ, ಎಷ್ಟೊತ್ತಂತ ನಿಂದರತಾರ” ಎಂದರು.

ಆ ಅಡುಗೆಮನೆಯಲ್ಲಿ ಕುರ್ಚಿ ಇಲ್ಲ, ಮಾನ್ಯರೇ. ಬರುವಾಗ ತಮ್ಮ ಕಚೇರಿಯಿಂದ ಒಂದನ್ನು ತನ್ನಿ. ಹೋಗುವಾಗ ಅಲ್ಲೇ ಬಿಟ್ಟು ಹೋಗಿ.

ಇಂತಿ,
ಅವ್ವನ ಅಂಜಿಕೆಗೆ ಈ ಪತ್ರದ ನಾಲ್ಕು ಒಳ್ಳೆಯ ಸಾಲುಗಳನ್ನು ಹೊಡೆದುಹಾಕಿ ಮರುಗುತ್ತಿರುವ
ಸುಮಂತ, ಉಪ್ಪಲ್