ಯಾವ ಕಣ್ಣು, ಎಷ್ಟು ದಿನದಿಂದ

ಕನ್ನಡಕದ ಅಂಗಡಿಯಿಂದ,
ಏಪ್ರಿಲ್ 9, ಮಧ್ಯಾಹ್ನ

ನನ್ನ ಮೌನಿಗೆ,

ಆಪರೇಷನ್ ಆದ ಕಣ್ಣಿನ ಪಟ್ಟಿ ಬಿಚ್ಚಿದರೆಂದು ನಿನ್ನ ಮಗಳು ಫೋನ್ ಮಾಡಿದ್ದಳು. ಈ ಕಾಗದವನ್ನೂ ಅವಳೇ ಓದಿ ಹೇಳಲಿ. ಡಾಕ್ಟರ್ ಹೇಳಿದಂತೆ ನೀನು ಇನ್ನೊಂದು ವಾರ ಕವುಚಿಯೇ ಮಲಗಿರಬೇಕು, ಓದುವ ಚಪಲ ಬೇಡ. ಹುಟ್ಟಿದಾಗಿನಿಂದ ಬಾಯಿ ಮುಚ್ಚದ ನಿನಗೆ ಅಪ್ಪ ಇಟ್ಟ ಅಡ್ಡಹೆಸರು ಈಗಲಾದರೂ ಹೊಂದೀತು.

ಧ್ಯಾನದಲ್ಲಿ ಕಂಡ ಬೆಳಕೆಲ್ಲ ಬರೀ ಕಾಯಿಲೆಯೇ ಆಗಿತ್ತಾ, ಮತ್ತೆ ಕೂರಬಹುದಾ ಎಂದು ಅವಳ ಕೈಲಿ ಕೇಳಿಸಿದ್ದೀಯ. ಗಿರಾಕಿಗೆ ಹೇಳುವ ಹಾಗೆಯೇ ಹೇಳುತ್ತೇನೆ. ಕಣ್ಣಿನ ಹಿಂಭಾಗದಲ್ಲಿ ತೆಳುವಾದ ಪರದೆಯಿದೆ. ಅದನ್ನು ಒಳಗಿನಿಂದ ಏನಾದರೂ ಜಗ್ಗಿದರೆ ಮಿಂಚು ಕಂಡಂತಾಗುತ್ತದೆ, ಕತ್ತಲಲ್ಲಿ ಕಣ್ಣು ಮುಚ್ಚಿ ಕೂತರೆ ಇನ್ನೂ ಹೆಚ್ಚು. ನಿನ್ನ ಪರದೆ ಹರಿದಿತ್ತು. ಇದರಲ್ಲಿ ಎರಡು ಮಾತಿಲ್ಲ.

ಆದರೆ ಆ ಬೆಳಕು ಕಾಣುವ ಒಂದು ವರ್ಷ ಮೊದಲೇ ನೀನು ಕೂರಲು ಶುರುಮಾಡಿದ್ದೆ. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡಿದ್ದವಳು, ನಮ್ಮಮ್ಮ ಹಾಸಿಗೆ ಹಿಡಿದ ಎಂಟು ತಿಂಗಳೂ ಒಮ್ಮೆ ದನಿ ಏರಿಸದೆ ನೋಡಿಕೊಂಡೆ. ಅದು ಕಣ್ಣಿನ ಪರದೆಯ ಕೆಲಸವಲ್ಲ. ಏನೆಂದು ನನಗೆ ಗೊತ್ತಿಲ್ಲ, ನಂಬುವವಳೂ ನಾನಲ್ಲ. ಡಾಕ್ಟರ್ ಒಪ್ಪಿದ ಮೇಲೆ ಕೂರು.

ಇನ್ನು ನನ್ನ ವಿಷಯ. ಪರೀಕ್ಷೆಯ ಕುರ್ಚಿಯಲ್ಲಿ ಕೂತು ಯಾರು ಮಿಂಚು ಕಂಡಿತೆಂದರೂ ಮೂರು ಪ್ರಶ್ನೆ ಕೇಳುತ್ತೇನೆ: ಯಾವ ಕಣ್ಣು, ಎಷ್ಟು ದಿನದಿಂದ, ಕಪ್ಪು ಚುಕ್ಕೆ ತೇಲುತ್ತವೆಯೇ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬರನ್ನೂ ಬಿಟ್ಟಿಲ್ಲ. ಒಬ್ಬ ಬಸ್ ಡ್ರೈವರ್ ಹಾಗೆಂದ ದಿನ ಅಂಗಡಿಯ ಬಾಗಿಲು ಹಾಕಿ, ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಜನವರಿಯಲ್ಲಿ ನೀನು ನೀಲಿ ಬೆಳಕಿನ ಗೆರೆಯ ಬಗ್ಗೆ ನಾಲ್ಕು ಪುಟ ಬರೆದು, ಇದೇನಿರಬಹುದು ಅಕ್ಕ ಎಂದು ಕೇಳಿದೆ. ಧ್ಯಾನ ಎಂಬ ಮಾತು ಕಂಡ ಕೂಡಲೇ ನಾನು ಮೂಗು ಮುರಿದೆ. ಏನೂ ಇಲ್ಲ, ಎಲ್ಲ ಭ್ರಮೆ, ಸರಿಯಾಗಿ ನಿದ್ದೆ ಮಾಡು ಎಂದು ಎರಡು ಸಾಲು ಗೀಚಿದೆ. ನಿನ್ನ ಕಾಗದವನ್ನು ಅಂಗಡಿಯವರಿಗೆಲ್ಲ ಓದಿ ಹೇಳಿ ನಗಿಸಿದೆ.

ಹಾಗೆಂದು ತಪ್ಪನ್ನೆಲ್ಲ ನನ್ನ ತಲೆಗೇ ಕಟ್ಟಿಕೊಳ್ಳಲಾರೆ. ನಿಮ್ಮ ಧ್ಯಾನದ ಮೇಷ್ಟ್ರು ಅದನ್ನು ದೊಡ್ಡ ಸಾಧನೆ ಎಂದು ಬೆನ್ನು ತಟ್ಟಿರಬೇಕು. ಕಳೆದ ವಾರ ಅವರಿಗೆ ಚೆನ್ನಾಗಿ ಉಗಿದು ಬರೆದಿದ್ದೇನೆ. ನಿನಗೆ ಬೇಜಾರಾದರೆ ಆಗಲಿ.

ಡಾಕ್ಟರ್ ಹೇಳಿದ್ದನ್ನು ಮುಚ್ಚಿಡುವುದಿಲ್ಲ. ಎಡಗಣ್ಣಿಗೆ ಇನ್ನು ಕಣ್ಣು ಪರೀಕ್ಷೆಯ ಬೋರ್ಡಿನ ಮೇಲಿನ ದೊಡ್ಡ ಅಕ್ಷರ ಕಂಡರೆ ಪುಣ್ಯ. ಜನವರಿಯಲ್ಲೇ ಬಂದಿದ್ದರೆ ಹತ್ತು ನಿಮಿಷದ ಲೇಸರ್‌ನಲ್ಲಿ ಮುಗಿಯುತ್ತಿತ್ತಂತೆ.

ಭಾನುವಾರ ಬರುತ್ತೇನೆ. ಹೊರಳಬೇಡ.

ನಿನ್ನ
ಅಕ್ಕ

ವಿ.ಸೂ.: ಲಕೋಟೆ ಅಂಟಿಸುವಷ್ಟರಲ್ಲಿ ಮೇಷ್ಟ್ರ ಉತ್ತರ ಬಂತು. ಒಂದೂ ಕಟು ಮಾತಿಲ್ಲ. ನೀನು ಬೆಳಕಿನ ವಿಷಯ ಹೇಳಿದ ದಿನವೇ, ಮೊದಲು ಕಣ್ಣು ತೋರಿಸಿ ಎಂದು ಅವರು ಹೇಳಿದ್ದರಂತೆ. ಅದಕ್ಕೆ ನೀನು, ಅಕ್ಕನನ್ನು ಕೇಳಿದ್ದೇನೆ, ಏನೂ ಇಲ್ಲ ಅಂದಿದ್ದಾಳೆ, ಕಣ್ಣಿನ ವಿಷಯದಲ್ಲಿ ಅವಳು ಹೇಳಿದ ಮೇಲೆ ಮುಗಿಯಿತು ಎಂದೆಯಂತೆ. ಆಸ್ಪತ್ರೆಗೆ ಬಂದಾಗಲೆಲ್ಲ ನಿನ್ನ ಮಂಚದ ಪಕ್ಕ ಕೂತು ನಾನು ಅವರನ್ನು ಬೈಯುತ್ತಿದ್ದರೂ ನೀನು ಬಾಯಿ ಬಿಡಲಿಲ್ಲ. ಮಗು, ಇದನ್ನು ಬಿಡದೆ ನಿನ್ನ ಅಮ್ಮನಿಗೆ ಓದಿ ಹೇಳು. ಅವಳು ನಂಬಿ ಕೆಟ್ಟಿದ್ದು ನನ್ನನ್ನು.