ಹಿಂದಿನ ಆಕ್ಸಲ್‌ಗೆ ಯಾವ ಎಣ್ಣೆ

ಅಪ್ಪಾ,

ನಿಮ್ಮ ಹಳೆಯ ಪಿಕಪ್ ಇವತ್ತು ನನ್ನ ಮಾನ ತೆಗೆಯಿತು. ನೀವು ತೀರಿಕೊಂಡ ಮೇಲೆ ಮೊದಲ ಬಾರಿಗೆ ಅದರ ಡಿಫರೆನ್ಶಿಯಲ್, ಅದೇ ಹಿಂದಿನ ಆಕ್ಸಲ್‌ ನಡುವಿನ ಗೇರ್ ಡಬ್ಬದ, ಎಣ್ಣೆ ಬದಲಿಸಿದ್ದೆ. ಕಂಪನಿಯ ಕೈಪಿಡಿ ಓದಿ, ಅದರಲ್ಲಿ ಹೇಳಿದ್ದನ್ನೇ ತಂದು ಹಾಕಿದ್ದೆ. ಆದರೂ ತಿರುವು ಬಂದಾಗಲೆಲ್ಲ ಹಿಂದಿನ ಚಕ್ರಗಳು ಕಟಕಟ ನಡುಗತೊಡಗಿದವು. ನಾಳೆ ಹಲಗೆ ಹೇರಿಕೊಂಡು ಗುಡ್ಡ ಹತ್ತಬೇಕು.

ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ಡಿಫರೆನ್ಶಿಯಲ್ ಮುಚ್ಚಳ ಬಿಚ್ಚಿ ನೋಡಿ ನಕ್ಕ.

"ಇದು ಈ ಗಾಡಿದೇ ಅಲ್ಲಮ್ಮ. ಬೇರೆ ಯಾವುದರದ್ದೋ ತಂದು ಕೂರಿಸಿದ್ದಾರೆ. ಒಳಗೆ ಕ್ಲಚ್ ಪ್ಲೇಟ್ ಇದೆ, ಇದಕ್ಕೆ ಬೇರೆ ಎಣ್ಣೆನೇ ಬೇಕು. ಹಿಂಗೇ ಲೋಡ್ ಎಳೆದ್ರೆ ಪ್ಲೇಟೆಲ್ಲ ಹೋಗ್ಬಿಡುತ್ತೆ. ಯಾವ ಮಹಾನುಭಾವ ಮಾಡಿದ್ದು?"

"ನಮ್ಮಪ್ಪ."

ಅದನ್ನು ಕೂರಿಸಿದ ದಿನ ನಾನೂ ಗಾಡಿಯ ಕೆಳಗಿದ್ದೆ. ಏನು ಮಾಡುತ್ತಿದ್ದೀರಿ ಎಂದು ಕೇಳಿದ್ದಕ್ಕೆ "ಟಾರ್ಚ್ ನೆಟ್ಟಗೆ ಹಿಡಿ" ಅಂದಿರಿ. ಹಿಡಿದೆ. ಆಮೇಲೂ ನಮ್ಮಿಬ್ಬರ ಮಾತು ಅಷ್ಟರಲ್ಲೇ ಮುಗಿಯುತ್ತಿತ್ತು. ಒಂದು ಎಣ್ಣೆಯ ಹೆಸರು ಹೇಳಲು ಎಷ್ಟು ಹೊತ್ತು ಬೇಕಿತ್ತಪ್ಪಾ?

"ಹಂಗಾದ್ರೆ ಅವರನ್ನೇ ಕೇಳಿ," ಅಂದ ಮೆಕ್ಯಾನಿಕ್. "ಯಾವ ಗಾಡಿದು ಅಂತ ಗೊತ್ತಾದ್ರೆ ಸರಿಯಾದ ಎಣ್ಣೆ ನಾನೇ ತರಿಸ್ತೀನಿ. ಅಲ್ಲೀವರೆಗೂ ಲೋಡ್ ಹಾಕ್ಬೇಡಿ."

ಅವನು ಊರಿಗೆ ಹೊಸಬ. ಕೇಳಿ ಹೇಳುತ್ತೇನೆ ಎಂದು ಬಂದಿದ್ದೇನೆ.