ಐದು ಗಂಟೆಯ ದೋಣಿ

ಅಕ್ಟೋಬರ್ 14, ಮಂಗಳವಾರ

ಶಾಲೆಯ ಅಡುಗೆಮನೆಯಲ್ಲಿ ಮುನ್ನೂರ ನಲವತ್ತು ಮಕ್ಕಳಿಗೆ ಮೀನು, ಹಿಸುಕಿದ ಆಲೂಗಡ್ಡೆ. ಮಣಿಕಟ್ಟು ಮತ್ತೆ ನೋವು. ಮೂರೂವರೆಗೆ ಮನೆ. ಕಾಫಿ. ಐದಕ್ಕೆ ಸರೋವರ.

ಒಂದು ನಿಮಿಷ ತಡವಾಯಿತು. ಅಣ್ಣ ರಿಸ್ತೊ ಆಗಲೇ ದೋಣಿಕಟ್ಟೆಯ ತುದಿಯಲ್ಲಿ ನಿಂತು ಸೀಟಿ ಹಾಕುತ್ತಿದ್ದ. ನಿವೃತ್ತನಾದ ಲಾರಿ ಡ್ರೈವರಿಗೆ ಇಷ್ಟು ಅವಸರ ಯಾಕೋ.

ಅಣ್ಣನಿಗೆ ಲಕ್ವ ಹೊಡೆದು ಇವತ್ತಿಗೆ ಒಂದೂವರೆ ವರ್ಷ. ಬಲಗೈ ಅರ್ಧ ಬಂತು. ಮಾತು ಬರಲಿಲ್ಲ. ಉಳಿದದ್ದು ಮೂರು: ಹೂಂ, ಇಲ್ಲ, ಮನೆ ಹಾಳಾಗ. ಮೂರನೆಯದು ಮಾತ್ರ ಗಂಟೆ ಹೊಡೆದಷ್ಟು ಸ್ಪಷ್ಟ. ಹೇಳಿದ್ದು ನಿಧಾನಕ್ಕೆ ಅರ್ಥವಾಗುತ್ತದೆ, ಬರೆದದ್ದು ಆಗುವುದಿಲ್ಲ. ಅವನು ಕುಹ್ಮೊದಲ್ಲಿ, ನಾನು ರಾಹೆಯಲ್ಲಿ, ನಡುವೆ ಮುನ್ನೂರು ಕಿಲೋಮೀಟರ್ ಹತ್ತಿರ. ಫೋನ್ ಮಾಡಿದರೆ ಇಬ್ಬರೂ ಉಸಿರು ಕೇಳಿಸಿಕೊಂಡು ಇಟ್ಟುಬಿಡುವುದು.

ಕಂಪ್ಯೂಟರಿನ ಈ ಸರೋವರದ ಆಟದಲ್ಲಿ ಮಾತ್ರ ಅವನು ಮೊದಲಿನ ರಿಸ್ತೊ. ದೀಪ ಎತ್ತಿದರೆ ಹೌದು. ಕೈ ಚಾಚಿದರೆ ಅಲ್ಲಿಗೆ ಹೋಗೋಣ. ಗಾಳ ನನಗಿಂತ ಚೆನ್ನಾಗಿ ಎಸೆಯುತ್ತಾನೆ, ಎಡಗೈಯಲ್ಲಿ. ಇವತ್ತು ಮೂರು ಪೈಕ್ ಮೀನು. ಮೂರೂ ಅವನದೇ.

ಅಕ್ಟೋಬರ್ 15, ಬುಧವಾರ, ಸಂಜೆ 6

ಆಟ ತೆರೆಯುತ್ತಿಲ್ಲ. ‘ಸರ್ವರ್ ಸಂಪರ್ಕಿಸಲಾಗುತ್ತಿದೆ…’ ಚಕ್ರ ಸುತ್ತಿದ್ದೇ ಸುತ್ತಿದ್ದು. ಕೊನೆಗೆ ‘ಸಮಯ ಮೀರಿದೆ.’

ರೌಟರ್ ಆರಿಸಿ ಹಚ್ಚಿದೆ. ಮೂರು ಸಲ. ಸುದ್ದಿ ಬರುತ್ತದೆ, ಬ್ಯಾಂಕು ತೆರೆಯುತ್ತದೆ, ಹವಾಮಾನವೂ ಸರಿ. ಸರೋವರ ಮಾತ್ರ ಇಲ್ಲ. ಫೋನಿನಿಂದ ಪ್ರಯತ್ನಿಸಿದೆ. ಅಲ್ಲೂ ಇಲ್ಲ.

ರಿಸ್ತೊ ಅಲ್ಲಿ ನಿಂತಿರುತ್ತಾನೆ. ಬರೆದರೆ ಓದಲಾರ. ಚಿತ್ರ ಕಳಿಸಿದೆ: ಒಂದು ದೋಣಿ, ಪಕ್ಕದಲ್ಲಿ ಕೆಂಪು ಇಂಟು ಮಾರ್ಕು. ಅರ್ಥವಾಗುತ್ತದೆ.

ಅಕ್ಟೋಬರ್ 16, ಗುರುವಾರ

ಬಟಾಣಿ ಸೂಪು, ಪ್ಯಾನ್‌ಕೇಕ್ ದಿನ. ಉಸಿರಾಡಲು ಪುರುಸೊತ್ತಿಲ್ಲ. ಆದರೂ ಪಾತ್ರೆ ತೊಳೆಯುವ ಪಿಯಾಗೆ ಹೇಳಿದೆ. ಸರೋವರವನ್ನು ನನಗೆ ತೋರಿಸಿಕೊಟ್ಟವಳೇ ಅವಳು. ಮನೆಯಲ್ಲಿ ಇಡೀ ಸಂಜೆ ಏನಾದರೂ ಆಡುತ್ತಲೇ ಇರುತ್ತಾಳೆ.

“ಅಪ್‌ಡೇಟ್ ಏನಾದ್ರೂ ಒತ್ತಿದ್ರಾ?”

“ಇಲ್ಲ.”

“ನೀವು ‘ಇಲ್ಲ’ ಅಂದಾಗೆಲ್ಲ ಏನೋ ಒತ್ತಿರ್ತೀರಿ, ಹೆಲ್ವಿ.”

ಹಾಲಿನ ಚೀಟಿಯ ಹಿಂದೆ ಪಟ್ಟಿ ಬರೆದುಕೊಟ್ಟಳು. ಕೇಬಲ್ ಕಿತ್ತು ಮತ್ತೆ ಸಿಕ್ಕಿಸು. ಆಟ ಅಳಿಸಿ ಮತ್ತೆ ಹಾಕು. ಗೋಡೆ ತೆಗೆದು ನೋಡು… ಗೋಡೆ ಎಂದರೆ ಕಂಪ್ಯೂಟರಿನೊಳಗಿನ ಕಾವಲು ಅಂತೆ. ಎಲ್ಲ ಮಾಡಿದೆ. ಎರಡು ಗಂಟೆ ಹಿಡಿಯಿತು. ಚಕ್ರ ಸುತ್ತುತ್ತಿದೆ.

ಐದೂವರೆಗೆ ಅಣ್ಣನಿಗೆ ಫೋನ್ ಮಾಡಿದೆ.

“ರಿಸ್ತೊ, ನನ್ನ ಕಂಪ್ಯೂಟರ್ ಕೆಟ್ಟಿದೆ, ಅದಕ್ಕೇ…”

“ಇಲ್ಲ.”

“ಕೇಳು. ಆಟ ತೆಗೀತಿಲ್ಲ—”

“ಇಲ್ಲ. ಇಲ್ಲ.” ಇಟ್ಟುಬಿಟ್ಟ. ಮತ್ತೆ ಮಾಡಿದರೆ ಸ್ವಿಚ್ ಆಫ್.

ಹೀಗೆ ಯಾವತ್ತೂ ಮಾಡಿದವನಲ್ಲ. ದನಿ ಬೇರೆಯಾಗಿತ್ತೆ? ತೊದಲಿತೆ? ‘ಇಲ್ಲ’ ಎಂಬುದರಲ್ಲಿ ತೊದಲುವುದಕ್ಕೆ ಏನಿದೆ.

ಅಕ್ಟೋಬರ್ 17, ಶುಕ್ರವಾರ

ಇಂಟರ್ನೆಟ್ ಕಂಪನಿಗೆ ಫೋನ್. ಮೂವತ್ತೆಂಟು ನಿಮಿಷ ಸಂಗೀತ. ಆಮೇಲೆ ಒಬ್ಬ ಗಂಡಸು. “ನಮ್ಮ ಕಡೆ ಎಲ್ಲಾ ಹಸಿರು ತೋರಿಸ್ತಿದೆ, ಮೇಡಂ. ಆಟದವರನ್ನ ಕೇಳಿ.” ಆಟದವರಿಗೆ ಬರೆದೆ. ಮಧ್ಯಾಹ್ನಕ್ಕೇ ಉತ್ತರ: ನಮ್ಮ ಸರ್ವರ್ ಸರಿಯಿದೆ, ನಿಮ್ಮ ಇಂಟರ್ನೆಟ್ ಕಂಪನಿಯನ್ನು ಕೇಳಿ.

ರಿಸ್ತೊ ಫೋನ್ ಇನ್ನೂ ಆಫ್. ಅವನ ಪಕ್ಕದ ಮನೆಯ ಹಿಲ್ಕಾ ಮಗಳ ಊರಿಗೆ ಹೋಗಿದ್ದಾಳೆ, ಬರುವುದು ಭಾನುವಾರ. ಲಕ್ವ ಹೊಡೆದಾಗ ಅಂಚೆಪೆಟ್ಟಿಗೆಯಲ್ಲಿ ಪತ್ರಿಕೆ ಹಾಗೇ ಇರುವುದನ್ನು ನೋಡಿ ಒಳಗೆ ಹೋದವಳು ಅವಳೇ. ಹತ್ತೊಂಬತ್ತು ಗಂಟೆ ನೆಲದ ಮೇಲೆ ಬಿದ್ದಿದ್ದ. ಆ ಹತ್ತೊಂಬತ್ತು ಗಂಟೆಯಲ್ಲಿ ನಾನು ಏನೇನು ಮಾಡುತ್ತಿದ್ದೆ ಎಂಬುದೆಲ್ಲ ನೆನಪಿದೆ. ಕಿಟಕಿ ಪರದೆ ಒಗೆದೆ. ಸೌನಾದ ಹಬೆಸ್ನಾನಕ್ಕೆ ಹೋದೆ. ಚೆನ್ನಾಗಿ ನಿದ್ದೆ ಮಾಡಿದೆ.

ಐದು ಗಂಟೆಗೆ ಅವನು ಕಟ್ಟೆಯ ಮೇಲೆ ಕಂಡರೆ ಆ ದಿನ ಬದುಕಿದ್ದಾನೆ ಎಂದು ಲೆಕ್ಕ. ಯಾರಿಗೂ ಹೇಳಿಲ್ಲ ಇದನ್ನು. ಪಿಯಾಗೂ.

ಗೃಹಶುಶ್ರೂಷೆಯ ಕಚೇರಿಗೆ ಫೋನ್ ಮಾಡಿದೆ. ಮಂಗಳವಾರ, ಶುಕ್ರವಾರ ನರ್ಸ್ ಬರುತ್ತಾಳೆ. ಬೆಳಿಗ್ಗೆ ಹೋಗಿದ್ದಳಂತೆ.

“ಮಾತ್ರೆ ತಗೊಂಡ್ರು. ಬೀಪಿ ಸರಿಯಿದೆ. ಆದ್ರೆ ಕಾಫಿ ಬೇಡ ಅಂದ್ರು.”

“ರಿಸ್ತೊ ಕಾಫಿ ಬೇಡ ಅಂದನೇ?”

“ಲೋಟ ತಳ್ಳಿಬಿಟ್ರು.”

ಬೀಪಿ ಸರಿಯಿದೆಯಂತೆ. ಕಾಫಿ ಬೇಡ ಎಂದ ರಿಸ್ತೊನನ್ನು ನಾನು ಅರವತ್ತೊಂದು ವರ್ಷದಲ್ಲಿ ನೋಡಿಲ್ಲ.

ಅಕ್ಟೋಬರ್ 18, ಶನಿವಾರ

ಬಸ್ಸಿನ ವೇಳೆ ನೋಡಿದೆ. ಮೂರು ಬಸ್ಸು ಬದಲಾಯಿಸಬೇಕು. ಇವತ್ತಿನ ಕೊನೆಯದು ಆಗಲೇ ಹೋಗಿತ್ತು.

ಮಧ್ಯಾಹ್ನ ಪಿಯಾ ಬಂದಳು. ದಾಲ್ಚಿನ್ನಿ ಬನ್ನು ತಂದಿದ್ದಳು, ತನ್ನ ಲ್ಯಾಪ್‌ಟಾಪೂ. ಕೋಟು ತೆಗೆಯದೆ ಕೂತಳು. ಅವಳ ಲ್ಯಾಪ್‌ಟಾಪನ್ನು ನನ್ನ ಲೈನಿಗೆ ಹಾಕಿದೆವು. ಆಟ ತೆರೆಯಲಿಲ್ಲ.

“ಒಳ್ಳೇದಾಯ್ತು,” ಅಂದಳು.

“ಏನು ಒಳ್ಳೇದು?”

“ನಿಮ್ಮ ಕಂಪ್ಯೂಟರ್ ತಪ್ಪಲ್ಲ ಅಂತ ಗೊತ್ತಾಯ್ತಲ್ಲ. ಈಗ ನನ್ನ ಫೋನಿಂದ ಇಂಟರ್ನೆಟ್ ತಗೊಳ್ಳೋಣ. ನಂದು ಬೇರೆ ಕಂಪನಿ ಸಿಮ್ಮು. ನಿಮ್ಮ ಫೋನೂ ಮನೆ ಲೈನೂ ಒಂದೇ ಕಂಪನಿದು, ಅದಕ್ಕೇ ಎರಡ್ರಲ್ಲೂ ಬರ್ತಿಲ್ಲ.”

ಅವಳ ಫೋನಿನಿಂದ ಜೋಡಿಸಿದಳು. ಚಕ್ರ ಒಂದು ಸುತ್ತು ಸುತ್ತಿತು. ಸರೋವರ.

ಕುರ್ಚಿ ಎಳೆದು ಪರದೆಯ ಮುಂದೆ ಕೂತೆ. ನಾಲ್ಕು ದಿನದಿಂದ ನನ್ನದೇ ಕೈ ತಪ್ಪು, ಏನೋ ಒತ್ತಿ ಕೆಡಿಸಿದೆ ಎಂದುಕೊಂಡಿದ್ದೆ. ನನ್ನದಲ್ಲ. ಆಟದವರದೂ ಅಲ್ಲ. ನಡುವೆ ಯಾರೋ ಬಾಗಿಲು ಹಾಕಿದ್ದಾರೆ.

ಪಿಯಾ ಒಂದು ಕಪ್ಪು ಕಿಟಕಿ ತೆರೆದು ಏನೋ ಟೈಪ್ ಮಾಡಿದಳು. ಮನೆಯಿಂದ ಆಟದ ಸರ್ವರಿನವರೆಗೆ ದಾರಿಯ ಒಂದೊಂದು ನಿಲ್ದಾಣವನ್ನೂ ಅದು ತೋರಿಸುತ್ತದೆ. ಅವಳ ಫೋನಿನಿಂದ ಹನ್ನೊಂದು ನಿಲ್ದಾಣ. ನನ್ನ ಲೈನಿನಿಂದ ಮೂರೇ. ಮೂರನೆಯದು ಕಂಪನಿಯದೇ. ಅಲ್ಲಿಂದ ಮುಂದೆ ಬರೀ ನಕ್ಷತ್ರದ ಗುರುತು. “ಇಲ್ಲೇ ತಡೀತಿದ್ದಾರೆ ನೋಡಿ,” ಅಂದಳು. ಎರಡನ್ನೂ ಚೀಟಿಯಲ್ಲಿ ಬರೆದುಕೊಂಡೆ.

ಆಮೇಲೆ ಕಟ್ಟೆಗೆ ಹೋದೆ. ಯಾರೂ ಇಲ್ಲ. ರಿಸ್ತೊ ತನ್ನ ದೋಣಿಯನ್ನು ದಡಕ್ಕೆ ಎಳೆದು ಬೋರಲು ಹಾಕಿದ್ದಾನೆ, ಚಳಿಗಾಲಕ್ಕೆ ಹಾಕುವ ಹಾಗೆ.

ಕಟ್ಟೆಯ ಹಲಗೆಯಲ್ಲಿ ಬಂದವರ ಹೆಸರು, ಹೊತ್ತು ಇರುತ್ತದೆ. ಬುಧವಾರ ರಿಸ್ತೊ, 16:58. ಗುರುವಾರ ರಿಸ್ತೊ, 16:57. ಶುಕ್ರವಾರ ರಿಸ್ತೊ, 16:51. ಹೋದದ್ದು 17:52. ಅವನ ಲೈನ್ ಬೇರೆ ಕಂಪನಿಯದು, ಅವನಿಗೆ ಬಾಗಿಲು ತೆರೆದೇ ಇತ್ತು.

ಒಂದು ದೋಣಿ, ಪಕ್ಕದಲ್ಲಿ ಕೆಂಪು ಇಂಟು ಮಾರ್ಕು. ಅಯ್ಯೋ ಹೆಲ್ವಿ. ಇನ್ನು ದೋಣಿ ಬೇಡ, ಸಾಕು ಎಂದಲ್ಲವೆ ನೀನು ಕಳಿಸಿದ್ದು.

“ನಿನ್ನೆ ಸಂಜೆ ಆರು ಗಂಟೆವರೆಗೂ ಚೆನ್ನಾಗೇ ಇದ್ದಾರೆ ಅಂತಾಯ್ತು,” ಅಂದಳು ಪಿಯಾ. “ಲಕ್ವ ಹೊಡೆದೋರು ದೋಣಿ ಬೋರಲು ಹಾಕಲ್ಲ. ಕೋಪ ಬಂದೋರು ಹಾಕ್ತಾರೆ.”

ಅವಳಿಗೆ ಹೇಗೆ ಗೊತ್ತಾಯಿತು ನನ್ನ ಭಯ? ಕೇಳಲಿಲ್ಲ. ಎರಡು ಬನ್ನು ತಿಂದೆ. ನಿನ್ನೆಯಿಂದ ಹೊಟ್ಟೆಗೆ ಏನೂ ಹೋಗಿರಲಿಲ್ಲ. ಆರರವರೆಗೆ ಕಾದೆವು. ಬರಲಿಲ್ಲ. ಪಿಯಾ ಫೋನ್ ತೆಗೆದುಕೊಂಡು ಮನೆಗೆ ಹೋದಳು, ಸರೋವರವೂ ಹೋಯಿತು.

ಅಕ್ಟೋಬರ್ 19, ಭಾನುವಾರ

ಹಿಲ್ಕಾ ಹನ್ನೊಂದಕ್ಕೆ ಊರಿಗೆ ಬಂದವಳು ಚೀಲ ಇಳಿಸದೆ ಅವನ ಮನೆಗೆ ಹೋದಳು. ಅಲ್ಲಿಂದಲೇ ಫೋನ್.

“ಬದುಕಿದ್ದಾನೆ. ಮುಖ ಮಾತ್ರ ಗಂಟು ಹಾಕ್ಕೊಂಡು ಕೂತಿದ್ದಾನೆ.”

ಫೋನ್ ಮೇಜಿನ ಮೇಲಿಟ್ಟು ಕಣ್ಣು ಒರೆಸಿಕೊಂಡೆ.

“ಹೆಲ್ವಿ? ಲೈನಲ್ಲಿದ್ದೀಯಾ? ಇವನು ಫೋನ್ ನನ್ನ ಮೂಗಿನ ಹತ್ರ ಹಿಡೀತಿದ್ದಾನೆ. ದೋಣಿ ಚಿತ್ರ, ಇಂಟು ಮಾರ್ಕು. ಏನಮ್ಮ ಕಳಿಸಿದ್ದು ನೀನು? ಸತ್ತೋರಿಗೆ ಕಳಿಸೋ ಕಾರ್ಡ್ ಇದ್ದಂಗಿದೆ.”

“ಆಟ ಕೆಟ್ಟಿದೆ ಅಂತ ಕಳಿಸ್ದೆ. ಹೇಳು ಅವನಿಗೆ. ನಿಧಾನಕ್ಕೆ ಹೇಳು.”

ಹಿಲ್ಕಾ ಹೇಳುವುದು ಕೇಳಿಸಿತು, ಕಿವುಡರಿಗೆ ಹೇಳುವಷ್ಟು ಜೋರಾಗಿ. “ರಿಸ್ತೊ! ಅವಳ ಇಂಟರ್ನೆಟ್ ಕೆಟ್ಟಿದೆ! ನೀನು ಬೇಡ ಅಂತಲ್ಲ! ಅವಳೂ ಅಲ್ಲಿ ಅಳ್ತಾ ಕೂತಿದ್ದಾಳೆ!”

ಅಳುತ್ತಿರಲಿಲ್ಲ. ಅಷ್ಟಾಗಿ.

ಆ ಕಡೆ ಕುರ್ಚಿ ಸರಿದ ಸದ್ದು. ಆಮೇಲೆ, ಗಂಟೆ ಹೊಡೆದಂತೆ: “ಮನೆ ಹಾಳಾಗ.”

“ನಿನಗೋ ಇಂಟರ್ನೆಟ್ಟಿಗೋ ಗೊತ್ತಾಗ್ಲಿಲ್ಲ,” ಅಂದಳು ಹಿಲ್ಕಾ. “ಕಾಫಿ ಕುಡೀತಿದ್ದಾನೆ ಈಗ. ನನ್ನ ಲೋಟದ್ದು.”

ಅಕ್ಟೋಬರ್ 20, ಸೋಮವಾರ

ಕೆಲಸದಿಂದ ಬಂದವಳೇ ಚೀಟಿ ಮುಂದಿಟ್ಟುಕೊಂಡು ಕಂಪನಿಗೆ ಫೋನ್. ಈ ಸಲ ಇಂಕಾ ಎಂಬ ಹುಡುಗಿ. ರೌಟರ್ ಆರಿಸಿ ಹಚ್ಚಿ ಎಂದು ಶುರು ಮಾಡಿದಳು.

“ಆರು ದಿನದಿಂದ ಅದನ್ನೇ ಮಾಡ್ತಿದ್ದೀನಮ್ಮ,” ಅಂದೆ. “ನಿಮ್ಮ ಮೂರನೇ ನಿಲ್ದಾಣದಲ್ಲಿ ನಿಂತುಹೋಗ್ತಿದೆ. ಬೇರೆ ಕಂಪನಿ ಲೈನಲ್ಲಿ ಹನ್ನೊಂದೂ ದಾಟುತ್ತೆ. ಓದ್ಲಾ?”

“…ಓದಿ.”

ಓದಿದೆ, ಅಂಕಿ ಅಂಕಿಯಾಗಿ. ಕೀಲಿ ಒತ್ತುವ ಸದ್ದು. ಬಹಳ ಹೊತ್ತು. 

“ನೀವು ಹೇಳೋದು ಸರಿ,” ಅಂದಳು. “ಹೋದ ಬುಧವಾರ ನಾವು ಹೊಸ ಸುರಕ್ಷಾ ಫಿಲ್ಟರ್ ಹಾಕಿದ್ವಿ, ಎಲ್ಲರ ಲೈನಿಗೂ. ಮೋಸದ ಸೈಟ್‌ಗಳನ್ನ ತಡೆಯೋಕೆ. ಅದರ ಪಟ್ಟಿಯಲ್ಲಿ ಈ ಆಟದ ವಿಳಾಸ ಇದೆ. ಹಿಂದೆ ಯಾವುದೋ ಮೋಸದ ಸೈಟು ಅದೇ ವಿಳಾಸಗಳ ಸಾಲಿನಲ್ಲಿತ್ತಂತೆ, ಇಡೀ ಸಾಲನ್ನೇ ಹಾಕಿಬಿಟ್ಟಿದ್ದಾರೆ.”

“ಅಂದ್ರೆ ತಡೆದಿರೋದು ನೀವೇ.”

“ಹೌದು. ನಾವೇ.”

ಕೋಪ ಬರಬೇಕಿತ್ತು. ಬರಲಿಲ್ಲ. ಆರು ದಿನದಲ್ಲಿ ಮೊದಲ ಸಲ ಒಬ್ಬರು ‘ನಾವೇ’ ಎಂದರಲ್ಲ, ಹೆಗಲಿನಿಂದ ಆಲೂಗಡ್ಡೆ ಮೂಟೆ ಇಳಿಸಿದಂತಾಯಿತು.

“ಪಟ್ಟಿಯಿಂದ ತೆಗೆಯೋಕೆ ಮೇಲಿನೋರು ಒಪ್ಪಬೇಕು. ಅಲ್ಲೀತನಕ ನಿಮ್ಮ ಲೈನಿಗೆ ಫಿಲ್ಟರ್ ಬಂದ್ ಮಾಡ್ತೀನಿ. ರೌಟರ್ ಆರಿಸಿ… ಸಾರಿ, ಇನ್ನೊಂದೇ ಸಲ.”

“ಬೇರೆಯವರದು?”

ಮತ್ತೆ ಕೀಲಿ ಸದ್ದು. “ಇದೇ ಆಟದ ಬಗ್ಗೆ ಹನ್ನೆರಡು ದೂರು ಬಂದಿವೆ. ಎಲ್ಲಾ ‘ಗ್ರಾಹಕರ ಕಂಪ್ಯೂಟರ್ ದೋಷ’ ಅಂತ ಮುಚ್ಚಿದ್ದಾರೆ. ಒಂದು ನಿಮ್ಮದು. ಎಲ್ಲಾ ಮತ್ತೆ ತೆಗೀತೀನಿ.” ಇಡುವ ಮೊದಲು ಅಣ್ಣನ ಲಕ್ವ, ಐದು ಗಂಟೆಯ ಸರೋವರ, ಎಲ್ಲ ಅವಳಿಗೆ ಹೇಳಿದೆ.

ಆರಿಸಿದೆ. ಹಚ್ಚಿದೆ. ತೆರೆಯಿತು. ಹಿಲ್ಕಾಗೆ ಫೋನ್ ಮಾಡಿ ರಿಸ್ತೊಗೆ ತಿಳಿಸು ಅಂದೆ.

ಸಂಜೆ 6:30

ಐದಕ್ಕೆ ಬರಲಿಲ್ಲ. ಐದು ಹತ್ತಕ್ಕೂ ಇಲ್ಲ. ಇಪ್ಪತ್ತಕ್ಕೆ ಬಂದ. ಸೀಟಿ ಇಲ್ಲ. ಬೋರಲು ದೋಣಿಯ ಮೇಲೆ ನನಗೆ ಬೆನ್ನು ಹಾಕಿ ಕೂತ.

ದೀಪ ಎತ್ತಿದೆ. ತಿರುಗಲಿಲ್ಲ. ಈ ಆಟದಲ್ಲಿ ತಪ್ಪಾಯಿತು ಎನ್ನಲು ಕೀಲಿಯೇ ಇಲ್ಲ. ನನ್ನ ಬುಟ್ಟಿಯಿಂದ ಒಂದು ಪೈಕ್ ತೆಗೆದು ಅವನ ಕಾಲ ಬಳಿ ಇಟ್ಟೆ. ಎತ್ತಿ ನೀರಿಗೆ ಎಸೆದ. ಇನ್ನೊಂದು ಇಟ್ಟೆ. ಅದನ್ನೂ ಎಸೆದ. ಮೂರನೆಯದನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದ. ಆಮೇಲೆ ತನ್ನ ಬುಟ್ಟಿಗೆ ಹಾಕಿಕೊಂಡ.

ಎದ್ದು ದೋಣಿಯ ಒಂದು ತುದಿ ಹಿಡಿದು ನಿಂತ. ದೋಣಿ ಬೋರಲು ಹಾಕಲು ಒಬ್ಬರು ಸಾಕು, ನೆಟ್ಟಗೆ ಮಾಡಲು ಇಬ್ಬರು ಬೇಕು. ಇನ್ನೊಂದು ತುದಿ ನಾನು ಹಿಡಿದೆ.

ಇಷ್ಟು ದಿನ ಅವನಿಗೆ ಜೊತೆಯಾಗಲಿ ಎಂದು ನಾನು ಅಲ್ಲಿಗೆ ಹೋಗುತ್ತಿದ್ದೇನೆ ಎಂದುಕೊಂಡಿದ್ದೆ. ಈ ಐದು ಸಂಜೆ ಮನೆಯ ಗಡಿಯಾರದ ಸದ್ದು ಎಷ್ಟು ಜೋರು ಎಂದು ಗೊತ್ತಾಯಿತು.

ಅಕ್ಟೋಬರ್ 23, ಗುರುವಾರ

ಇಂಕಾ ತಾನಾಗಿಯೇ ಫೋನ್ ಮಾಡಿದಳು. ವಿಳಾಸವನ್ನು ಪಟ್ಟಿಯಿಂದ ತೆಗೆದಿದ್ದಾರೆ, ಎಲ್ಲರಿಗೂ. ಮೇಲಿನವನು ಗೊಣಗಿದನಂತೆ. “ಒಂದು ಆಟಕ್ಕೆ ಇಷ್ಟು ಗಲಾಟೆನಾ ಅಂದ್ರು. ನಿಮ್ಮ ಅಣ್ಣನ ವಿಷಯ ಹೇಳ್ದೆ. ಹೇಳಬಹುದಿತ್ತು ಅಲ್ವಾ?”

ಹೇಳಬಹುದಿತ್ತು.

ಪಿಯಾಗೆ ಎರಡು ಪ್ಯಾನ್‌ಕೇಕ್ ಹೆಚ್ಚು ಹಾಕಿದೆ. “ಲಂಚ,” ಅಂದಳು.

ಅಕ್ಟೋಬರ್ 30, ಗುರುವಾರ, ಸಂಜೆ 5:25

ಪುಸ್ತಕ ಮಡಿಲಲ್ಲಿ ಇಟ್ಟುಕೊಂಡೇ ಬರೆಯುತ್ತಿದ್ದೇನೆ. ಇವತ್ತು ಕಟ್ಟೆಯಲ್ಲಿ ಮೂರನೆಯ ದೋಣಿ. ಹೊಸ ಹಳದಿ ದೋಣಿ, ಒಂದೇ ಜಾಗದಲ್ಲಿ ಗಿರಗಿರ ಸುತ್ತುತ್ತಿದೆ. ಮೇಲೆ ಹೆಸರು: ಹಿಲ್ಕಾ.

ಫೋನ್ ಮಾಡಿದೆ. ರಿಸ್ತೊನ ಅಡುಗೆಮನೆಯಲ್ಲೇ ಕೂತಿದ್ದಾಳೆ, ಮಗಳ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು.

“ಇನ್ನೊಂದ್ಸಲ ನಿನ್ನ ಲೈನ್ ಹೋದ್ರೆ ಇವನ ಮುಖ ನೋಡೋರು ಯಾರು? ಅದಕ್ಕೇ ಕಲೀತಿದ್ದೀನಿ. ಇವನೇ ಹೇಳಿಕೊಡ್ತಿದ್ದಾನೆ.”

“ಹೇಗೆ ಹೇಳಿಕೊಡ್ತಾನೆ?”

“ತಪ್ಪು ಕೀಲಿ ಒತ್ತಿದ್ರೆ ಕೈ ಮೇಲೆ ಹೊಡೀತಾನೆ. ಸರಿ ಒತ್ತಿದ್ರೆ ಹೂಂ ಅಂತಾನೆ. ಹೂಂ ಇನ್ನೂ ಒಂದೂ ಸಿಕ್ಕಿಲ್ಲ.”

ಹಿಂದೆ ಒಂದು ಸದ್ದು. ಮೊದಲು ಅರ್ಥವಾಗಲಿಲ್ಲ. ರಿಸ್ತೊ ನಗುತ್ತಿದ್ದ. ಲಕ್ವದ ನಂತರ ಕೇಳಿರಲಿಲ್ಲ.

ಹಳದಿ ದೋಣಿ ಈಗ ಜೊಂಡಿನೊಳಗೆ ನುಗ್ಗಿದೆ. ಹಿಂದಕ್ಕೆ ಒತ್ತುವ ಬದಲು ಮುಂದಕ್ಕೇ ಒತ್ತುತ್ತಿದ್ದಾಳೆ. ರಿಸ್ತೊ ನನ್ನ ಕಡೆ ಕೈ ಬೀಸುತ್ತಿದ್ದಾನೆ, ಹಗ್ಗ ತಾ ಎಂದು. ಬಂದೆ, ತಡಿ, ಹಗ್ಗ ಎಲ್ಲಿಟ್ಟೆ—